ನಾಲ್ಕು ಗಂಟೆಯ ತಟ್ಟೆ

ನಮ್ಮ ಬೀದಿಯಲ್ಲಿ ನನ್ನ ಬಾಯಿಗೆ ಹೆದರದವರಿಲ್ಲ. ಲಾಂಡ್ರಿಯ ಸೂಪರ್‌ವೈಸರ್ ನನ್ನ ಮೇಜಿನ ಹತ್ತಿರ ಬರುವ ಮೊದಲು ಒಮ್ಮೆ ಕೆಮ್ಮುತ್ತಾನೆ. ಕೆಳಗಿನ ಮನೆಯ ಮುದುಕ ಮೆಟ್ಟಿಲ ಮೇಲೆ ಸಿಗರೇಟಿನ ತುಂಡು ಎಸೆಯುವುದನ್ನು ಬಿಟ್ಟದ್ದು ನನ್ನಿಂದ. ಈ ದೇಶಕ್ಕೆ ಬಂದ ಹೊಸದರಲ್ಲಿ ಇವರ ಭಾಷೆಯಲ್ಲಿ ನೆಟ್ಟಗೆ ದಾರಿ ಕೇಳಲು ಬಾರದಿದ್ದಾಗಲೂ ಜಗಳವಾಡಲು ಬರುತ್ತಿತ್ತು. ಅಣ್ಣ ನನ್ನನ್ನು ಕರೆಯುವುದೇ ಮೆಣಸಿನಕಾಯಿ ಅಂತ. ಇಂಥ ಬಾಯಿ ಇಟ್ಟುಕೊಂಡು ಐದು ತಿಂಗಳು ಒಂದು ಮಾತು ಹೇಳಲಾಗದೆ ಕೂತಿದ್ದೆ. ಆ ಮಾತಿಗೆ ಬೇಕಾದದ್ದು ಎರಡೇ ಪದ: ಚೆನ್ನಾಗಿಲ್ಲ ಅಣ್ಣ.

ಅಣ್ಣ ಇಲ್ಲಿನ ಒಂದು ಇಟಾಲಿಯನ್ ರೆಸ್ಟೋರೆಂಟಿನಲ್ಲಿ ಅಡುಗೆಯವನಾಗಿದ್ದ. ಹನ್ನೆರಡು ಮೇಜು, ಕೆಂಪು ಚೌಕುಳಿಯ ಮೇಜುಬಟ್ಟೆ, ಗೋಡೆಯ ಮೇಲೆ ದ್ರಾಕ್ಷಿ ಗೊಂಚಲಿನ ಚಿತ್ರ. ಯಜಮಾನ ಇಟಲಿಯನ್ನು ಭೂಪಟದಲ್ಲಿ ಮಾತ್ರ ಕಂಡವನು. ಬಡಿಸುವವಳು ಒಂದು ದೇಶದವಳು, ಪಾತ್ರೆ ತೊಳೆಯುವವಳು ಇನ್ನೊಂದು ದೇಶದವಳು, ಒಲೆಯ ಮುಂದೆ ನಮ್ಮಣ್ಣ. ಇಟಲಿಯಿಂದ ಬಂದದ್ದು ಅಂದರೆ ಆಲಿವ್ ಎಣ್ಣೆಯ ಡಬ್ಬ ಒಂದೇ, ಅದರ ಮೇಲೂ ನನಗೆ ಅನುಮಾನ. ಯಜಮಾನನಿಗೆ ಎರಡೂ ಕಡೆ ತಿರುವಿಟ್ಟ ಮೀಸೆ ಇತ್ತು. ನಾವಿಬ್ಬರೂ ಮನೆಯಲ್ಲಿ ಅವನನ್ನು ಮೀಸೆ ಎಂದೇ ಅನ್ನುತ್ತಿದ್ದೆವು.

ಮೀಸೆಗೆ ಅಣ್ಣನೆಂದರೆ ಬಲು ಹೆಮ್ಮೆ. ಹಳೆಯ ಗಿರಾಕಿಗಳನ್ನು ಅಡುಗೆಮನೆಯ ಬಾಗಿಲಿಗೆ ಕರೆತಂದು, ನೋಡಿ, ನಮ್ಮ ಅಡುಗೆಯವನು ರುಚಿಯನ್ನೇ ನೋಡುವುದಿಲ್ಲ ಎಂದು ತೋರಿಸುತ್ತಿದ್ದ. ಅದು ನಿಜ. ಹದಿನೈದು ವರ್ಷದಲ್ಲಿ ಅಣ್ಣ ಒಂದು ಚಮಚ ಸಾಸನ್ನೂ ಬಾಯಿಗಿಟ್ಟವನಲ್ಲ. ಕುದಿಯುವ ಪಾತ್ರೆಯ ಮೇಲೆ ಬಗ್ಗಿ, ಕಣ್ಣು ಮುಚ್ಚಿ, ಮೂಗಿನಲ್ಲಿ ಉದ್ದಕ್ಕೆ ಉಸಿರೆಳೆದು, "ಉಪ್ಪು ಕೇಳ್ತಿದೆ" ಎಂದು ಒಂದು ಚಿಟಿಕೆ ಹಾಕಿದರೆ ಮುಗಿಯಿತು. ಮತ್ತೆ ತಿದ್ದುವ ಮಾತೇ ಇರಲಿಲ್ಲ.

ಅದು ಅಪ್ಪ ಕಲಿಸಿದ್ದು. ಅಪ್ಪ ಮದುವೆ ಮನೆಗಳ ಅಡುಗೆಯವನು. ಸೌಟಿನಿಂದ ಅಂಗೈಗೆ ಬಿಟ್ಟುಕೊಂಡು ನೆಕ್ಕಿ ನೋಡಿದರೆ ಇಡೀ ಕೊಪ್ಪರಿಗೆ ಎಂಜಲಾಯಿತು ಎನ್ನುತ್ತಿದ್ದ. ಅಡುಗೆಯವನಿಗೆ ಮೂಗಿದೆ, ಕೈಯಿದೆ, ಬಡಿಸುವ ತನಕ ಬಾಯಿಗೆ ಕೆಲಸವಿಲ್ಲ. ಅಡುಗೆಯವನಿಗೆ ಈ ನಿಯಮವಾದರೆ ಉಣ್ಣುವವರಿಗೂ ಒಂದು ಇತ್ತು: ಬಡಿಸಿದ್ದಕ್ಕೆ ಹೆಸರಿಡಬಾರದು. ಒಲೆ ಮುಂದೆ ಬೆಂದು ಬಂದವನ ಎದುರು ಮುಖ ಕಿವುಚಬಾರದು. ನಾನು ಏಳು ವರ್ಷದವಳಿದ್ದಾಗ ಒಂದು ಮದುವೆಯ ಪಂಕ್ತಿಯಲ್ಲಿ ಕೂತು, "ಅಪ್ಪಾ, ಹುಳಿ ಜಾಸ್ತಿ ಆಗಿದೆ" ಎಂದು ಎಲ್ಲರಿಗೂ ಕೇಳುವಂತೆ ಕೂಗಿದ್ದೆ. ಸಂಜೆ ಸೌಟಿನ ಹಿಡಿಯಲ್ಲಿ ಬೆನ್ನಿಗೆ ಬಿದ್ದವು ನೋಡಿ, ಮೂರು ದಿನ ಅಂಗಾತ ಮಲಗಲಾಗಲಿಲ್ಲ. ಅಣ್ಣನಿಗೆ ಆಗ ಹದಿನಾಲ್ಕು. ಬೆನ್ನಿಗೆ ಎಣ್ಣೆ ಹಚ್ಚುತ್ತಾ ಕಿವಿಯಲ್ಲಿ ಹೇಳಿದ, "ಹುಳಿ ಜಾಸ್ತಿ ಆಗಿದ್ದು ನಿಜ ಕಣೇ. ನಂಗೂ ವಾಸನೆ ಬಂದಿತ್ತು." ಅವತ್ತಿನಿಂದ ಯಾವ ಊಟದ ಬಗ್ಗೆಯೂ ನನ್ನ ಬಾಯಿಂದ ಚೆನ್ನಾಗಿದೆ ಎನ್ನುವುದರ ಹೊರತು ಇನ್ನೊಂದು ಮಾತು ಬಂದಿಲ್ಲ. ಗಂಡನ ಮನೆಯಲ್ಲಿ ಆರು ವರ್ಷ ಅತ್ತೆ ಹಾಕಿದ್ದನ್ನೆಲ್ಲ ಚೆನ್ನಾಗಿದೆ ಎಂದೇ ತಿಂದೆ. ಉಳಿದ ವಿಷಯಕ್ಕೆಲ್ಲ ಜಗಳ ಆಡಿ ಕೊನೆಗೆ ಆ ಮನೆಯ ಬಾಗಿಲು ನಾನೇ ಎಳೆದುಕೊಂಡು ಹೊರಗೆ ಬಂದೆ. ಆಗ ನನ್ನನ್ನು ಇಲ್ಲಿಗೆ ಕರೆಸಿಕೊಂಡವನು ಅಣ್ಣನೇ.

ನಾನು ಕೆಲಸ ಮಾಡುವ ಲಾಂಡ್ರಿ ರೆಸ್ಟೋರೆಂಟಿನ ಬೀದಿಯ ಇನ್ನೊಂದು ತುದಿಯಲ್ಲಿದೆ. ಹೋಟೆಲುಗಳ ಚಾದರ, ಆಸ್ಪತ್ರೆಯ ಬಟ್ಟೆ, ರೆಸ್ಟೋರೆಂಟುಗಳ ಮೇಜುಬಟ್ಟೆ, ನ್ಯಾಪ್ಕಿನ್ ಎಲ್ಲ ಅಲ್ಲಿಗೇ ಬರುತ್ತವೆ. ನನ್ನದು ವಿಂಗಡಿಸುವ ಮೇಜು. ಚೀಲ ಬಿಚ್ಚಿ, ಒಂದೊಂದೇ ಬಟ್ಟೆ ಕೊಡವಿ, ಕಲೆ ನೋಡಿ, ಎಣ್ಣೆಯದು ಒಂದು ಕಡೆ, ವೈನಿನದು ಒಂದು ಕಡೆ ಹಾಕಬೇಕು. ಹನ್ನೊಂದು ವರ್ಷ ಕಲೆ ನೋಡಿ ನೋಡಿ, ಯಾವ ಮೇಜಿನಲ್ಲಿ ಮಗು ಕೂತಿತ್ತು, ಯಾವ ಮೇಜಿನಲ್ಲಿ ಗಂಡ ಹೆಂಡತಿ ಮಾತಿಲ್ಲದೆ ಉಂಡೆದ್ದರು ಅಂತ ಹೇಳಬಲ್ಲೆ. ಅಣ್ಣನ ರೆಸ್ಟೋರೆಂಟಿನ ಚೀಲ ಸೋಮವಾರ ಬರುತ್ತಿತ್ತು. ಅದರ ನ್ಯಾಪ್ಕಿನ್‌ಗಳಲ್ಲಿ ಬಾಯಿ ಒರೆಸಿದ ಕಲೆ ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ.

ಕಳೆದ ವರ್ಷ ಅಣ್ಣ ಜ್ವರ ಬಂದು ಹತ್ತು ದಿನ ಮಲಗಿದ. ನಾನು ಗಂಜಿ ಕುಡಿಸಿದೆ, ಒದ್ದೆ ಬಟ್ಟೆ ಹಾಕಿದೆ, ಡಾಕ್ಟರನ ಹತ್ತಿರ ಜಗಳ ಆಡಿ ಬೇಗ ನೋಡುವ ಹಾಗೆ ಮಾಡಿದೆ. ಹನ್ನೊಂದನೆಯ ದಿನ ಎದ್ದು ಕೆಲಸಕ್ಕೆ ಹೋದ. ಅದರ ಮರುವಾರ ಒಂದು ಬೆಳಿಗ್ಗೆ ಚಪ್ಪಲಿ ಹಾಕಿಕೊಳ್ಳುತ್ತಾ ಹೇಳಿದ, "ನಿಂಗೆ ಮೂರೂವರೆಗೆ ಕೆಲ್ಸ ಮುಗಿಯುತ್ತಲ್ಲ. ನಾಲ್ಕು ಗಂಟೆಗೆ ನಮ್ಮಲ್ಲಿ ಬಂದು ಊಟ ಮಾಡ್ಕೊಂಡು ಹೋಗು."

"ಇದೇನು, ಹನ್ನೊಂದು ವರ್ಷಕ್ಕೆ ಇವತ್ತು ತಂಗಿ ಹೊಟ್ಟೆ ನೆನಪಾಯ್ತಾ?"

"ಮನೇಲಿ ಒಬ್ಳೇ ಏನು ಬೇಯಿಸ್ಕೋತೀಯ. ಬಾ ಅಂದ್ರೆ ಬಾರೇ. ಮೀಸೆಗೆ ಹೇಳಿದೀನಿ."

ಸುಳ್ಳೇಕೆ ಹೇಳಲಿ, ಖುಷಿಯಾಯಿತು. ಅವತ್ತು ಕೆಲಸದ ಬಟ್ಟೆ ಬದಲಾಯಿಸಿ, ತಲೆ ಬಾಚಿಕೊಂಡು ಹೋದೆ. ರೆಸ್ಟೋರೆಂಟ್ ತೆರೆಯುವುದು ಸಂಜೆ ಆರಕ್ಕೆ. ನಾಲ್ಕು ಗಂಟೆಗೆ ಕುರ್ಚಿಗಳೆಲ್ಲ ಮೇಜಿನ ಮೇಲೆ ತಲೆಕೆಳಗಾಗಿ ಇರುತ್ತಿದ್ದವು. ಅಡುಗೆಮನೆಯ ಬಾಗಿಲ ಪಕ್ಕದ ಒಂದು ಮೇಜು ಮಾತ್ರ ನನಗಾಗಿ ಇಳಿಸಿಟ್ಟಿದ್ದ. ತಟ್ಟೆ ತಂದಿಟ್ಟು, ಹೆಗಲ ಟವೆಲ್ಲಿಗೆ ಕೈ ಒರೆಸುತ್ತಾ ಬಾಗಿಲಲ್ಲೇ ನಿಂತ.

ಟೊಮೆಟೊ ಸಾಸಿನ ಪಾಸ್ತಾ. ಒಂದು ತುತ್ತು ಬಾಯಿಗಿಟ್ಟೆ. ಉಪ್ಪೋ ಉಪ್ಪು! ಅದರ ಹಿಂದೆಯೇ ಸೀದ ಬೆಳ್ಳುಳ್ಳಿಯ ಕಹಿ. ಕಣ್ಣಲ್ಲಿ ನೀರು ಬಂತು. ಜ್ವರದಿಂದ ಎದ್ದವನು, ಪಾಪ, ಕೈ ತಪ್ಪಿದೆ ಎಂದುಕೊಂಡೆ.

"ಹೇಗಿದೆ?" ಎಂದ.

"ಚೆನ್ನಾಗಿದೆ ಅಣ್ಣ."

ಅವನ ಮುಖ ಹಗುರಾಯಿತು. ಟವೆಲ್ ಹೆಗಲಿಗೆ ಎಸೆದುಕೊಂಡು ಒಳಗೆ ಹೋದ. ನಾನು ಎರಡು ಲೋಟ ನೀರು ಕುಡಿದು ತಟ್ಟೆ ಖಾಲಿ ಮಾಡಿದೆ.

ಮರುದಿನ ಅಣಬೆಯದ್ದು. ಉಪ್ಪೇ ಇಲ್ಲ, ನೆನೆಸಿದ ಕಾಗದ ಅಗಿದ ಹಾಗಿತ್ತು. ಅದರ ಮರುದಿನ ಬಿಳಿ ಸಾಸು ಒಡೆದು ಗಂಟುಗಂಟಾಗಿತ್ತು, ತಳ ಹಿಡಿದ ಹಾಲಿನ ವಾಸನೆ. ತುಳಸಿಯ ತಂಗಿಯಂಥ ಒಂದು ಸೊಪ್ಪು ಹಾಕುತ್ತಾರಲ್ಲ, ಅದು ಎಣ್ಣೆಯಲ್ಲಿ ಕಪ್ಪಗೆ ಸೀದು ಹಲ್ಲಿಗೆ ಅಂಟುತ್ತಿತ್ತು. ಒಂದು ವಾರವಾಯಿತು, ಎರಡು ವಾರವಾಯಿತು. ದಿನಾ ನಾಲ್ಕು ಗಂಟೆಗೆ ಬಾಗಿಲಲ್ಲಿ ಅಣ್ಣ, ಮುಂದೆ ತಟ್ಟೆ, ಹೇಗಿದೆ, ಚೆನ್ನಾಗಿದೆ. ಬೀದಿಯಲ್ಲಿ ಹಿಂದಿರುಗುವಾಗ ಬಾಯಿ ಮುಕ್ಕಳಿಸಲು ಒಂದು ಬಾಟಲಿ ನೀರು ಚೀಲದಲ್ಲಿ ಇಟ್ಟುಕೊಳ್ಳತೊಡಗಿದೆ. ಥೂ, ನನ್ನ ಜನ್ಮಕ್ಕಿಷ್ಟು.

ವಿಷಯ ಗೊತ್ತಾದದ್ದು ಒಂದು ಭಾನುವಾರ ಬೆಳಿಗ್ಗೆ. ನಾನು ಸ್ನಾನಕ್ಕೆ ಹೋಗಿದ್ದೆ. ಹಾಲು ಉಕ್ಕಿ, ಸೀದು, ಪಾತ್ರೆ ಕರಕಲಾಗಿ ಮನೆಯೆಲ್ಲ ಹೊಗೆಯ ನಾತ. ಒದ್ದೆ ತಲೆಯಲ್ಲೇ ಓಡಿ ಬಂದರೆ ಅಣ್ಣ ಒಲೆಗೆ ಬೆನ್ನು ಹಾಕಿ ಮೇಜಿನ ಮುಂದೆ ಕೂತು ಈರುಳ್ಳಿ ಹೆಚ್ಚುತ್ತಿದ್ದಾನೆ. ಒಲೆಗೂ ಅವನಿಗೂ ಎರಡು ಮಾರು ದೂರವಿಲ್ಲ.

"ಹಾಲು ಸೀದು ಹೋಗ್ತಿದೆ, ಕಾಣಲ್ವಾ?"

ತಿರುಗಿ ನೋಡಿ ಗಾಬರಿಯಾದ. "ಅಯ್ಯೋ, ಏನೋ ಯೋಚ್ನೆ ಮಾಡ್ತಾ ಕೂತಿದ್ದೆ ಕಣೇ" ಎಂದ.

ನಾನು ಪಾತ್ರೆ ಇಳಿಸಿದೆ. ಮದುವೆ ಮನೆಯಲ್ಲಿ ಹಿತ್ತಲ ಒಲೆಯ ಮೇಲೆ ಬೆಲ್ಲ ಹದಕ್ಕೆ ಬಂದದ್ದನ್ನು ಮುಂಬಾಗಿಲಲ್ಲಿ ನಿಂತು ಹೇಳುತ್ತಿದ್ದವನು ಇವನು. ಈಗ ಮೂಗಿನ ಕೆಳಗೆ ಹಾಲು ಸೀದರೂ ತಿಳಿಯಲಿಲ್ಲ. ಜ್ವರ ಅವನ ಮೂಗನ್ನು ತೆಗೆದುಕೊಂಡು ಹೋಗಿತ್ತು. ಅವನಿಗೆ ಅದು ಗೊತ್ತಿಲ್ಲ ಎಂದೇ ನಾನು ತಿಳಿದೆ. ಗೊತ್ತಿದ್ದರೆ ಯೋಚನೆಯ ನೆಪ ಏಕೆ ಹೇಳುತ್ತಿದ್ದ?

ಹೇಳಿಬಿಡಬೇಕು ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತಿಗೆಯ ಫೋನ್ ಬಂತು.

ಇಲ್ಲಿ ಒಂದು ಮಾತು ಹೇಳಬೇಕು. ಅಣ್ಣನಿಗೆ ಊರಿನಲ್ಲಿ ಹೆಂಡತಿ ಇದ್ದಾಳೆ, ಒಂಬತ್ತು ವರ್ಷದ ಮಗಳಿದ್ದಾಳೆ. ಆ ಮಗು ಹುಟ್ಟಿದಾಗಿನಿಂದ ಅಪ್ಪನ ಜೊತೆ ಇದ್ದದ್ದು ಎಲ್ಲ ಕೂಡಿಸಿದರೆ ನಾಲ್ಕು ತಿಂಗಳು. ಆ ವರ್ಷ ಅಣ್ಣನ ವಾಸದ ಪರವಾನಗಿ ಹೊಸದಾಗಬೇಕಿತ್ತು. ಈ ಸಲ ಆದರೆ ಹೆಂಡತಿ ಮಗಳನ್ನು ಇಲ್ಲಿಗೆ ಕರೆಸಿಕೊಳ್ಳಬಹುದಿತ್ತು. ಅದಕ್ಕೆ ಬೇಕಾದದ್ದು ಒಂದೇ: ಇವನು ನಮ್ಮಲ್ಲಿ ಅಡುಗೆಯವನು, ಮುಂದೆಯೂ ಇರುತ್ತಾನೆ ಎಂದು ಮೀಸೆ ಹಾಕುವ ಸಹಿ. ಇನ್ನು ನಾಲ್ಕು ತಿಂಗಳು ಕೆಲಸ ಉಳಿದರೆ ಸಾಕಿತ್ತು.

ಫೋನಿನಲ್ಲಿ ಮಗು, "ಅಪ್ಪಾ, ನಾನು ಒಂದು ಪೆಟ್ಟಿಗೆಗೆ ಎಲ್ಲಾ ತುಂಬಿಟ್ಟಿದೀನಿ. ಅಮ್ಮ ಇನ್ನೂ ಟೈಮಿದೆ ಅಂತಾಳೆ. ನಾನು ಬಿಚ್ಚಲ್ಲ ಅಂದೆ" ಎನ್ನುತ್ತಿತ್ತು. ಅಣ್ಣ ಈರುಳ್ಳಿಯ ಕೈಯಲ್ಲೇ ಕಣ್ಣೊರೆಸಿಕೊಂಡು ಇನ್ನಷ್ಟು ಅತ್ತು, ಇನ್ನಷ್ಟು ನಕ್ಕ. ನಾನು ತೆರೆದ ಬಾಯಿ ಮುಚ್ಚಿದೆ. ಈಗ ಹೇಳಿದರೆ ಏನಾಗುತ್ತದೆ? ಇವನ ಧೈರ್ಯ ಕುಸಿಯುತ್ತದೆ, ಇನ್ನಷ್ಟು ಕೆಡಿಸುತ್ತಾನೆ. ಇಲ್ಲವೆಂದರೆ ಪ್ರಾಮಾಣಿಕತೆಯ ದೆವ್ವ ಹೊಕ್ಕು ತಾನೇ ಹೋಗಿ ಮೀಸೆಗೆ ಹೇಳಿಬಿಡುತ್ತಾನೆ. ಸಹಿ ಬೀಳುವ ತನಕ ಬಾಯಿಗೆ ಬೀಗ ಎಂದು ತೀರ್ಮಾನಿಸಿದೆ. ಆಮೇಲೆ ಡಾಕ್ಟರು, ಔಷಧಿ, ಏನು ಬೇಕೋ ಅದು.

ಅಷ್ಟು ಹೊತ್ತಿಗೆ ಸೋಮವಾರದ ಚೀಲ ಬೇರೆ ಮಾತಾಡತೊಡಗಿತ್ತು. ನ್ಯಾಪ್ಕಿನ್ ಕೊಡವಿದರೆ ಅಗಿದು ಉಗಿದ ತುತ್ತುಗಳು ಉದುರುತ್ತಿದ್ದವು. ಮೊದಲು ಎರಡು ಮೂರು, ಆಮೇಲೆ ಹತ್ತು ಹದಿನೈದು. ಅಚ್ಚುಕಟ್ಟಾಗಿ ಮಡಚಿ, ಒಳಗೆ ಮುಚ್ಚಿಟ್ಟ ತುತ್ತುಗಳು. ಇಲ್ಲಿನವರು ಮರ್ಯಾದಸ್ಥರು, ತಟ್ಟೆಯಲ್ಲಿ ಉಗಿಯುವುದಿಲ್ಲ. ನನ್ನ ಪಕ್ಕದ ಮೇಜಿನವಳು ಒಮ್ಮೆ ನೋಡಿ ಮೂಗು ಹಿಡಿದುಕೊಂಡು, ಇದು ಯಾವ ಹೋಟೆಲಿನದು, ವ್ಯಾನಿನ ಡ್ರೈವರನ ಕೈಲಿ ಅವರಿಗೆ ಹೇಳಿ ಕಳಿಸೋಣ ಎಂದಳು. ನಿನ್ನ ಕೆಲಸ ನೀನು ನೋಡಿಕೋ ಎಂದು ಹಾರಿಬಿದ್ದೆ. ಅಂದಿನಿಂದ ಆ ಚೀಲಕ್ಕೆ ಬೇರೆ ಯಾರನ್ನೂ ಕೈ ಹಾಕಲು ಬಿಡಲಿಲ್ಲ. ಅಣ್ಣನ ಅಡುಗೆಯನ್ನು ಬೇರೆಯವರು ಉಗಿದದ್ದನ್ನು ನನ್ನ ಕೈಯಿಂದಲೇ ಬಳಿದು ಕಸದ ಡಬ್ಬಕ್ಕೆ ಹಾಕಿದೆ. ಕೈ ತೊಳೆದುಕೊಂಡು, ನಾಲ್ಕು ಗಂಟೆಗೆ ಹೋಗಿ ಅದನ್ನೇ ಉಂಡೆ.

ಒಂದು ದಿನ ಅಣ್ಣ ಬಾಗಿಲಲ್ಲಿ ನಿಂತವನು ಹತ್ತಿರ ಬಂದು ಎದುರಿನ ಕುರ್ಚಿ ಇಳಿಸಿಕೊಂಡು ಕೂತ. ಹಾಗೆ ಎಂದೂ ಕೂತವನಲ್ಲ.

"ಸರಿಯಾಗಿ ಹೇಳು. ಉಪ್ಪು ಹದವಾಗಿದೆಯಾ? ಮೀಸೆ ಏನೋ ಗೊಣಗ್ತಿದ್ದ. ಯಾರೋ ಗಿರಾಕಿ ಹೇಳಿದ್ರಂತೆ."

ಆ ತಟ್ಟೆ ಸಮುದ್ರದಿಂದ ಎತ್ತಿ ತಂದ ಹಾಗಿತ್ತು. "ಮೀಸೆಗೇನು ಗೊತ್ತು ಮಣ್ಣು! ದಿನಾ ಅವರಮ್ಮ ಕಟ್ಟಿಕೊಟ್ಟಿದ್ದು ತಿನ್ನೋನು ಅವ್ನು" ಎಂದೆ. "ಎದುರುಗಡೆ ಹೊಸ ಹೋಟ್ಲಾಗಿದೆಯಲ್ಲ, ಜನ ಅಲ್ಲಿಗೆ ಹೋಗ್ತಿದಾರೆ. ಅದಕ್ಕೆ ಇವ್ನು ನಿನ್ ಮೇಲೆ ಹಾರಾಡ್ತಾನೆ. ಉಪ್ಪು ಹದವಾಗಿದೆ."

"ನಿಜವಾಗ್ಲೂ?"

"ನಾನು ಯಾರ ಮುಲಾಜಿಗಾದ್ರೂ ಮಾತಾಡೋಳಾ?"

ಅಣ್ಣ ನಕ್ಕ. "ಅದೂ ಸರಿ. ಮೆಣಸಿನಕಾಯಿ" ಎಂದು ತಲೆ ಮೇಲೆ ಮೊಟಕಿ ಎದ್ದು ಹೋದ. ಒಳಗೆ ಹಳೆಯ ಹಾಡೊಂದನ್ನು ಗುನುಗುವುದು ಕೇಳಿಸಿತು. ನನ್ನ ಬುದ್ಧಿವಂತಿಕೆಯನ್ನು ನಾನೇ ಮೆಚ್ಚಿಕೊಂಡೆ.

ಐದನೆಯ ತಿಂಗಳಿನಲ್ಲಿ ಕಾಗದ ಬಂತು. ಮುಂದಿನ ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಯಜಮಾನನ ಜೊತೆ ಕಚೇರಿಗೆ ಬನ್ನಿ ಎಂದಿತ್ತು. ಅಣ್ಣ ಅದನ್ನು ಕನ್ನಡಿಗೆ ಸಿಕ್ಕಿಸಿಟ್ಟು ಗಡ್ಡ ಹೆರೆಯುವಾಗಲೆಲ್ಲ ಓದಿದ. ಆ ಮಂಗಳವಾರಕ್ಕೆ ಮೊದಲಿನ ಗುರುವಾರ ರೆಸ್ಟೋರೆಂಟಿನಲ್ಲಿ ಒಂದು ದೊಡ್ಡ ಊಟ ಇತ್ತು. ಹತ್ತಿರದ ಶಾಲೆಯ ಟೀಚರೊಬ್ಬರು ನಿವೃತ್ತರಾಗುತ್ತಿದ್ದರು, ಇಪ್ಪತ್ತಾರು ಜನ. ಟೀಚರಿಗೆ ಸೀಗಡಿ ಇಷ್ಟವೆಂದು ಸೀಗಡಿ ಪಾಸ್ತಾ.

ಬುಧವಾರವೇ ತಂದ ಸೀಗಡಿ. ಫ್ರಿಜ್ಜಿನ ಕೆಳಗಿನ ಬಾಗಿಲು ಪೂರ್ತಿ ಕೂರದೆ ಇಡೀ ಒಂದು ದಿನ ಸಂದು ಬಿಟ್ಟಿತ್ತೆಂದು ಆಮೇಲೆ ತಿಳಿಯಿತು. ಕೆಟ್ಟ ಸೀಗಡಿ ಮೂಗಿದ್ದವರಿಗೆ ಬಾಗಿಲಾಚೆಯಿಂದಲೇ ತಿಳಿಯುತ್ತದೆ. ಅಣ್ಣ ಒಬ್ಬನೇ ಕೂತು ಸುಲಿದು ತೊಳೆದು, ಬೆಳ್ಳುಳ್ಳಿ, ಒಣಮೆಣಸು, ನಿಂಬೆಹುಳಿ ಎಲ್ಲ ಜೋರಾಗಿ ಹಾಕಿ ಬೇಯಿಸಿದ. ನಾಲ್ಕು ಗಂಟೆಗೆ ತಟ್ಟೆ ನನ್ನ ಮುಂದೆ ಬಂತು.

ಚಮಚ ಎತ್ತುವ ಮೊದಲೇ ಬೆಳ್ಳುಳ್ಳಿಯ ಅಡಿಯಿಂದ ಇನ್ನೊಂದು ವಾಸನೆ ಎದ್ದಿತು. ತೊಳೆಯದ ನೆಲ ಒರೆಸುವ ಬಟ್ಟೆಯದ್ದು. ಬಾಯಿಗಿಟ್ಟರೆ ನಾಲಿಗೆ ಚುರುಗುಟ್ಟಿತು. ಕೆಟ್ಟಿರಬಹುದೇ ಎಂದು ಅನ್ನಿಸಿತು. ಅನ್ನಿಸಲಿಲ್ಲ ಎಂದರೆ ನನ್ನ ನಾಲಿಗೆ ಬಿದ್ದು ಹೋಗಲಿ. ಆದರೆ ಐದು ತಿಂಗಳು ಅಂಥದ್ದನ್ನೇ ತಿಂದು ತಿಂದು, ಬರೀ ರುಚಿ ಕೆಟ್ಟದ್ದು ಯಾವುದು, ಪದಾರ್ಥವೇ ಕೆಟ್ಟದ್ದು ಯಾವುದು ಎಂಬ ಭೇದ ನನ್ನಲ್ಲಿ ಸತ್ತಿತ್ತು. ಮಂಗಳವಾರಕ್ಕೆ ಐದೇ ದಿನ ಇತ್ತು. ಇಪ್ಪತ್ತಾರು ಜನರ ಊಟ ಈಗ ಬೇಡವೆಂದರೆ ಮೀಸೆ ಕುಣಿದಾಡುತ್ತಾನೆ. ತಲೆಯೆತ್ತಿದೆ. ಅಣ್ಣ ಬಾಗಿಲಲ್ಲಿ ಟವೆಲ್ ಹಿಂಡುತ್ತಾ ನನ್ನ ಮುಖವನ್ನೇ ನೋಡುತ್ತಿದ್ದ.

"ಹೇಗಿದೆ?"

"ಚೆನ್ನಾಗಿದೆ ಅಣ್ಣ. ಇವತ್ತಂತೂ ತುಂಬಾ ಚೆನ್ನಾಗಿದೆ."

ಅವನಿಗೆ ಅನುಮಾನ ಬಾರದಿರಲಿ ಎಂದು ಇಡೀ ತಟ್ಟೆ ತಿಂದೆ. ತಟ್ಟೆಯ ಅಂಚಿನ ಎಣ್ಣೆಯನ್ನೂ ಬ್ರೆಡ್ಡಿನಲ್ಲಿ ಒರೆಸಿ ತಿಂದೆ.

ಮರುದಿನ ಬೆಳಿಗ್ಗೆ ಲಾಂಡ್ರಿಯಲ್ಲಿ ಚಾದರದ ರಾಶಿಯ ಮೇಲೆ ಕುಸಿದೆ. ಎಚ್ಚರವಾದಾಗ ಆಸ್ಪತ್ರೆ. ಮೈಮೇಲೆ ಹೊದಿಸಿದ್ದು ನಮ್ಮ ಲಾಂಡ್ರಿಯ ಗುರುತಿದ್ದ ಚಾದರ. ಆ ವಾರ್ಡಿನಲ್ಲಿ ಇದ್ದವರೆಲ್ಲ ಗುರುವಾರದ ಊಟದವರೇ, ಹದಿನಾಲ್ಕು ಜನ. ನನ್ನ ಪಕ್ಕದ ಹಾಸಿಗೆಯಲ್ಲಿ ಟೀಚರು. ಗಿಡ್ಡ ಹೆಂಗಸು, ಕೈಯಲ್ಲಿ ಸೂಜಿ ಚುಚ್ಚಿದ್ದರೂ ಪಕ್ಕದವರನ್ನೆಲ್ಲ ವಿಚಾರಿಸಿಕೊಳ್ಳುತ್ತಿದ್ದರು. ನೀರಿಗೆ ಕೈ ಚಾಚಿದರೆ ನರ್ಸು ಬರುವ ತನಕ ಕಾಯದೆ ತಮ್ಮ ಲೋಟವನ್ನೇ ನನ್ನತ್ತ ಸರಿಸಿದರು. ಎರಡನೆಯ ದಿನ ಮಧ್ಯಾಹ್ನ ಸೂರು ನೋಡುತ್ತಾ, ತಮ್ಮಷ್ಟಕ್ಕೆ ಎಂಬಂತೆ ಕೇಳಿದರು: ನಮಗೆ ಬಡಿಸುವ ಮೊದಲು ಯಾರಾದರೂ ಒಬ್ಬರು ಒಂದು ತುತ್ತು ತಿಂದು ನೋಡಬಾರದಿತ್ತೇ?

ನಾನು ಗೋಡೆ ಕಡೆ ಮಗ್ಗುಲಾದೆ. ಮೂರನೆಯ ದಿನ ಬೆಳಿಗ್ಗೆ ಆ ಹಾಸಿಗೆಯ ಸುತ್ತ ಪರದೆ ಎಳೆದರು. ಮಧ್ಯಾಹ್ನ ಅದರ ಚಾದರ ಸುತ್ತಿ ಚೀಲಕ್ಕೆ ಹಾಕಿಕೊಂಡು ಹೋದರು. ಆ ಚೀಲ ಹೋಗುವುದು ನಮ್ಮ ಲಾಂಡ್ರಿಗೆ ಎಂದು ನನಗೆ ಗೊತ್ತಿತ್ತು.

ಅಣ್ಣ ದಿನಾ ಬಂದು ಕಾಲ ಬುಡದಲ್ಲಿ ಕೂರುತ್ತಿದ್ದ. ಒಮ್ಮೆ ಮಾತ್ರ, "ಇಡೀ ತಟ್ಟೆ ತಿಂದ್ಯಲ್ಲೇ" ಎಂದ. ನನಗೆ ಸಂಕಟವಾಯಿತೆಂದು ಅವನಿಗೆ ಸಂಕಟ ಎಂದುಕೊಂಡೆ. "ಬಿಡಣ್ಣ, ಸೀಗಡಿ ಕೆಟ್ಟಿದ್ದು ನಿಂಗೆ ಹೇಗೆ ಗೊತ್ತಾಗ್ಬೇಕು" ಎಂದು ಸಮಾಧಾನ ಮಾಡಿದೆ. ಅವನು ನನ್ನ ಮುಖವನ್ನು ಬಹಳ ಹೊತ್ತು ನೋಡಿದ.

ರೆಸ್ಟೋರೆಂಟಿಗೆ ಬೀಗ ಬಿತ್ತು. ವಿಚಾರಣೆಯವರು ಬಂದು ಫ್ರಿಜ್ಜಿನ ಬಾಗಿಲು ನೋಡಿದರು, ಅಣ್ಣನನ್ನು ಮೂರು ದಿನ ಕೂರಿಸಿ ಕೇಳಿದರು. ರುಚಿ ನೋಡದೆ ಬಡಿಸುತ್ತಿದ್ದೆಯಾ ಎಂದರೆ ಹೌದು ಎಂದನಂತೆ. ಬೇಕೆಂದು ಮಾಡಿದ್ದಲ್ಲ ಎಂದು ಜೈಲಿಗೆ ಹಾಕಲಿಲ್ಲ. ಮೀಸೆ ಮಂಗಳವಾರ ಕಚೇರಿಗೆ ಬರಲಿಲ್ಲ. ಪರವಾನಗಿ ಇಲ್ಲ, ಹದಿನೈದು ದಿನದಲ್ಲಿ ದೇಶ ಬಿಡಬೇಕು ಎಂದು ಇನ್ನೊಂದು ಕಾಗದ ಬಂತು. ಅದನ್ನೂ ಅಣ್ಣ ಅದೇ ಕನ್ನಡಿಗೆ ಸಿಕ್ಕಿಸಿದ. ಅತ್ತಿಗೆಗೆ ಫೋನಿನಲ್ಲಿ ತಾನೇ ಹೇಳಿದ. ಆ ಕಡೆಯಿಂದ ಅತ್ತಿಗೆ, "ನೀವು ಬನ್ನಿ, ಅಷ್ಟು ಸಾಕು. ಪೆಟ್ಟಿಗೆ ಬಿಚ್ಚು ಅಂತ ಅವಳಿಗೆ ನಾನು ಹೇಳೋದಿಲ್ಲ, ನೀವೇ ಬಂದು ಹೇಳಿ" ಎಂದದ್ದು ನನಗೂ ಕೇಳಿಸಿತು.

ಹೊರಡುವ ದಿನ ಬಂತು. ಟ್ಯಾಕ್ಸಿ ಸಂಜೆ ಐದಕ್ಕೆ. ಅಣ್ಣನ ಹದಿನೈದು ವರ್ಷ ಒಂದು ಸೂಟ್‌ಕೇಸು, ಒಂದು ಕೈಚೀಲದಲ್ಲಿ ಮುಗಿದಿತ್ತು. ಮೂರು ಗಂಟೆಗೆ ಎದ್ದು, "ಕಪಾಟಲ್ಲಿ ಒಂದು ಪಾಸ್ತಾ ಪೊಟ್ಟಣ ಉಳಿದಿದೆ, ಮಾಡ್ತೀನಿ" ಎಂದ. ಬೇಡವೆಂದರೆ ಕೇಳಲಿಲ್ಲ. ಟೊಮೆಟೊ ಹೆಚ್ಚಿದ, ಒಲೆ ಹಚ್ಚಿದ. ಸರಿಯಾಗಿ ನಾಲ್ಕಕ್ಕೆ ತಟ್ಟೆ ತಂದು ನನ್ನ ಮುಂದಿಟ್ಟು, ಟವೆಲ್ಲಿಗೆ ಕೈ ಒರೆಸುತ್ತಾ ಬಾಗಿಲ ಚೌಕಟ್ಟಿಗೆ ಒರಗಿ ನಿಂತ.

ಬಾಯಿಗಿಟ್ಟೆ. ಸಪ್ಪೆ. ಉಪ್ಪಿನ ಒಂದು ಹರಳೂ ಇಲ್ಲದ ಸಪ್ಪೆ. ಇನ್ನೊಂದು ಗಂಟೆಯಲ್ಲಿ ಹೊರಟು ಹೋಗುವವನಿಗೆ ಈಗ ಏನು ಹೇಳಲಿ? ಕೆಲಸ ಹೋಯಿತು, ಮರ್ಯಾದೆ ಹೋಯಿತು, ಒಂದು ಜೀವ ಹೋಯಿತು. ಇದೊಂದನ್ನಾದರೂ ಇಟ್ಟುಕೊಂಡು ಹೋಗಲಿ.

"ಹೇಗಿದೆ?"

"ಚೆನ್ನಾಗಿದೆ ಅಣ್ಣ."

"ಉಪ್ಪು?"

"ಹದವಾಗಿದೆ."

ಅಣ್ಣ ಟವೆಲ್ಲನ್ನು ಮಡಚಿ ಮೇಜಿನ ಮೇಲಿಟ್ಟ. "ಉಪ್ಪೇ ಹಾಕಿಲ್ಲ ಕಣೇ" ಎಂದ.

ನನ್ನ ಕೈಯ ಚಮಚ ಅಲ್ಲೇ ನಿಂತಿತು.

"ಜ್ವರ ಬಿಟ್ಟ ದಿನವೇ ನಂಗೆ ಗೊತ್ತಾಗಿತ್ತು, ಮೂಗಿಲ್ಲ ಅಂತ. ಅಪ್ಪನ ಮಾತು ಮೀರಿ ಒಂದಿನ ಬಾಗಿಲು ಹಾಕ್ಕೊಂಡು ನಾಲಿಗೆ ಮೇಲೆ ಉಪ್ಪು ಇಟ್ಟು ನೋಡಿದೆ. ಮರಳಿಟ್ಟ ಹಾಗಿತ್ತು. ನಾಲಿಗೆನೂ ಹೋಗಿತ್ತು. ಉಪ್ಪು ಹಾಕಿದ್ನಾ ಇಲ್ವಾ ಅಂತ ನನ್ ಕೈ ಮೇಲೆ ನಂಗೇ ನಂಬಿಕೆ ಹೋಯ್ತು. ಅದಕ್ಕೇ ನಿನ್ನ ನಾಲ್ಕು ಗಂಟೆಗೆ ಕರೆದಿದ್ದು. ಆರು ಗಂಟೆಗೆ ಗಿರಾಕಿ ಬರೋರು. ನೀನು ಏನಾದ್ರೂ ಅಂದ್ರೆ ಸರಿ ಮಾಡೋಕೆ ಎರಡು ಗಂಟೆ ಇರ್ತಿತ್ತು."

ನನಗೆ ಸಿಟ್ಟು ಬಂತು. ದುಃಖಕ್ಕಿಂತ ಮೊದಲು ಸಿಟ್ಟೇ ಬಂತು. "ಹೇಳ್ಬಾರ್ದಿತ್ತಾ ನಂಗೆ? ಬಾಯಿಬಿಟ್ಟು ಒಂದೇ ಒಂದು ಮಾತು! ನಂಗೆ ಮೂಗಿಲ್ಲ, ನೀನು ನೋಡಿ ಹೇಳು ಅಂತ ಒಂದು ಮಾತು ಹೇಳೋಕೆ ಏನಾಗಿತ್ತು ನಿಂಗೆ?" ಎಂದು ಕೂಗಿದೆ. ಕೆಳಗಿನ ಮನೆಯ ಮುದುಕ ಕಿಟಕಿ ಮುಚ್ಚಿಕೊಂಡ ಸದ್ದಾಯಿತು.

"ಹೇಳಿದ್ರೆ ಪಾಪ ಅಣ್ಣ ಅಂತ ಸುಳ್ಳು ಹೇಳ್ತೀಯ ಅಂದ್ಕೊಂಡೆ. ಹೇಳ್ದೇ ಇದ್ರೆ ನಿಜಾನೇ ಬರುತ್ತೆ ಅಂತ. ಪಂಕ್ತಿಲಿ ಕೂತು ಹುಳಿ ಜಾಸ್ತಿ ಅಂತ ಅಪ್ಪನಿಗೇ ಕೂಗಿದೋಳು ನೀನು."

"ಅದಕ್ಕೆ ಅಪ್ಪ ಹೊಡೆದಿದ್ದು ನೆನಪಿಲ್ವಾ? ಎಣ್ಣೆ ಹಚ್ಚಿದ್ದು ನೀನೇ ಅಲ್ವಾ?"

"ನೀನು ಕೂಗಿದ್ದೇ ನೆನಪಲ್ಲಿತ್ತು" ಎಂದ.

ಬಂದು ನನ್ನ ಮುಂದಿನ ತಟ್ಟೆ ತೆಗೆದುಕೊಂಡ. ಉಳಿದದ್ದನ್ನು ಕಸದ ಡಬ್ಬಕ್ಕೆ ಸುರಿದು ನಲ್ಲಿಯ ಕೆಳಗೆ ತಟ್ಟೆ ಹಿಡಿದ. ನೀರಿನ ಸದ್ದಿನಲ್ಲಿ, ಅವನ ಬೆನ್ನು ನೋಡುತ್ತಾ ಹೇಳಿದೆ, "ಚೆನ್ನಾಗಿರ್ಲಿಲ್ಲ ಅಣ್ಣ."

ನಲ್ಲಿ ನಿಲ್ಲಿಸಿದ. "ಯಾವತ್ತಿಂದ?"

"ಮೊದಲ್ನೇ ದಿನದಿಂದ."

"ಒಂದಿನಾನೂ?"

"ಒಂದಿನಾನೂ."

ಅವನು ಹೂಂ ಎಂದ. ತಟ್ಟೆಯ ಎರಡೂ ಬದಿ ಒರೆಸಿ ನನ್ನ ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಿದ. ಟ್ಯಾಕ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಸೂಟ್‌ಕೇಸು ತೆಗೆದುಕೊಂಡು ಕೆಳಗೆ ಹೋಗಿ ಬೀದಿಯಲ್ಲೇ ನಿಂತು ಕಾದ.